ಕಡೆಗದ್ದೆಯ ಕೂಗು ಕೇಳಿದ ಮೇಲೇ ಮಾಯಮ್ಮನ ರೊಟ್ಟಿ

ಚಳಿಗಾಲ ಇನ್ನೂ ಕಾಲಿಟ್ಟಿಲ್ಲ, ಕೆರೆಯ ಮೇಲೆ ಮಂಜು ಮಾತ್ರ ಆಗಲೇ ಬಂದು ಕೂತಿದೆ. ಏರಿಯ ಆ ತುದಿಯಿಂದ ನಡೆದು ಬರುತ್ತಿರುವವರು ಗಂಡಸೋ ಹೆಂಗಸೋ, ಹತ್ತಿರ ಬರುವ ತನಕ ಹೇಳಲಾಗದು. ತಲೆಗೆ ಗಂಡನ ಹಳೇ ಮಫ್ಲರು, ಹೆಗಲ ಮೇಲೆ ಸನಿಕೆ, ಮೊಣಕಾಲಿನವರೆಗೆ ಎತ್ತಿ ಕಟ್ಟಿದ ಸೀರೆ. ಸೊಂಟಕ್ಕೆ ಸಿಕ್ಕಿಸಿದ ಬಟ್ಟೆಗಂಟಿನಲ್ಲಿ ರಾಗಿರೊಟ್ಟಿ. ತೂಬಿನ ಹತ್ತಿರ ಬಂದು ಮೆಟ್ಟು ಬಿಡುತ್ತಾರೆ. ಕಲ್ಲುಚಪ್ಪಡಿಯ ಮೇಲೆ ನಡೆದು ನೀರಿಗೆ ಬಗ್ಗಿ, ಒದ್ದೆ ಬೆರಳನ್ನು ಎರಡೂ ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಆಮೇಲೆ ತೂಬಿನ ಗೂಟಕ್ಕೆ ಎರಡೂ ಕೈ ಹಾಕಿ, ಉಸಿರು ಕಟ್ಟಿ, ಒಂದೇ ಸಲಕ್ಕೆ ಮೇಲಕ್ಕೆತ್ತುತ್ತಾರೆ. ಏರಿಯ ಹೊಟ್ಟೆಯೊಳಗೆ ನೀರು ಗುಡುಗುಟ್ಟುತ್ತದೆ.

ಇವರು ಮಾಯಮ್ಮ. ಅರಕಲಗೂಡು ತಾಲ್ಲೂಕು, ಮಲ್ಲಿಪಟ್ಟಣದ ಆಚೆ ಬಿಳಿಗಲ್ಲಕೊಪ್ಪಲಿನ ನೀರುಗಂಟಿ. ಕೆರೆಯ ತೂಬು ಎತ್ತಿ, ಕೆಳಗಿನ ಅಚ್ಚುಕಟ್ಟಿನ ಒಂದೊಂದು ಗದ್ದೆಗೂ ನೀರು ಹಂಚುವುದು ಅವರ ಕೆಲಸ.

ಗೂಟ ಎತ್ತಿದ ಮೇಲೆ ಅವರು ನಿಲ್ಲುವುದಿಲ್ಲ. ಕಾಲುವೆಯ ಬದುವಿನ ಮೇಲೆ ನೀರಿನ ಜೊತೆಜೊತೆಗೇ ನಡೆಯುತ್ತಾರೆ. ದಾರಿಯಲ್ಲಿ ಗದ್ದೆಗಳಿಗೆ ನೀರು ತಿರುಗುವ ಒಂದೊಂದು ಮಡೆಗೂ ಒಂದೊಂದು ಸನಿಕೆ ಕೆಸರು ಹಾಕಿ, ಪಾದದಿಂದ ತುಳಿದು ಮುಚ್ಚುತ್ತಾರೆ. ತೂಬಿನ ಬುಡದಲ್ಲೇ ಇರುವ ತಲೆಗದ್ದೆಗಳ ಮಡೆ ಮೊದಲು ಮುಚ್ಚುತ್ತದೆ. ನೀರು ಅಲ್ಲೆಲ್ಲೂ ನುಗ್ಗದೆ ನೇರ ಕೊನೆಗೆ ಹೋಗಬೇಕು. ಅಚ್ಚುಕಟ್ಟಿನ ಬಾಲದಲ್ಲಿರುವ ಕಡೆಗದ್ದೆ ಚಿಕ್ಕಯ್ಯನದು. ನೀರು ಅಲ್ಲಿ ಬಿದ್ದ ಕೂಡಲೇ ಚಿಕ್ಕಯ್ಯ ಬಾಯಿಗೆ ಕೈ ಅಡ್ಡ ಹಿಡಿದು ಕೂಗುತ್ತಾನೆ. ಆ ಕೂಗು ಬರುವ ತನಕ ಮಾಯಮ್ಮ ರೊಟ್ಟಿಗಂಟು ಬಿಚ್ಚುವುದಿಲ್ಲ. ಕೂಗು ಬಂದ ಮೇಲೆ ಬದುವಿನ ಮೇಲೆ ಕೂತು ತಿನ್ನುತ್ತಾರೆ. ಆಮೇಲೆ ಕೆಳಗಿನಿಂದ ಮೇಲಕ್ಕೆ ಮಡೆ ಬಿಡಿಸುತ್ತಾ ಬರುತ್ತಾರೆ. ತಲೆಗದ್ದೆಯವರ ಸರದಿ ಎಲ್ಲರಿಗಿಂತ ಕೊನೆಗೆ.

“ತಲೆಗದ್ದೆಯೋನಿಗೆ ಮೊದ್ಲು ಕೊಟ್ರೆ ಕಡೆಗದ್ದೆಯೋನಿಗೆ ಕೆಸ್ರು ಮಾತ್ರ ಸಿಗ್ತದೆ ಸಾ,” ಎನ್ನುತ್ತಾರೆ. “ಕಡೆಯೋನ್ಗೆ ಮೊದ್ಲು ಕೊಟ್ರೆ ಮೇಲಿರೋನು ಬುಟ್ಟಾನಾ? ಅವನ ಗದ್ದೆ ಬುಡದಾಗೇ ನೀರು ಅರೀತಿರ್ತದಲ್ಲ, ತನ್ ಪಾಲು ತಾನೇ ಕಾಯ್ಕತಾನೆ. ಕಾಯಾಕಾಗದೆ ಇರೋನ್ನ ನಾವು ಕಾಯ್ಬೇಕು.”

ಈ ಕೆಲಸಕ್ಕೆ ಊರಿನಲ್ಲಿ ಒಂದು ಕಟ್ಟಲೆಯಿದೆ. ನೀರುಗಂಟಿಗೆ ಕೆರೆಯ ಕೆಳಗೆ ಗದ್ದೆ ಇರಬಾರದು. ಗೇಣಗಲದ್ದೂ ಇರಬಾರದು. ಸ್ವಂತ ಗದ್ದೆ ಇರುವವನ ಕೈ ತೂಬಿನ ಮೇಲಿದ್ದರೆ ನೀರು ಯಾವ ಕಡೆ ವಾಲುತ್ತದೆಂದು ಹಿಂದಿನವರಿಗೆ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಗದ್ದೆಯಿಲ್ಲದ ಮನೆಯವರನ್ನು ಹುಡುಕಿ ತೂಬು ಕೊಟ್ಟರು. ಸುಗ್ಗಿಯಲ್ಲಿ ಒಂದೊಂದು ಕಣದಿಂದಲೂ ಅವರಿಗೆ ಕೂಲಿಯಾಗಿ ಭತ್ತದ ಆಯ. ಈ ಕಟ್ಟಲೆಯಲ್ಲಿ ದೊಡ್ಡ ನ್ಯಾಯವಿದೆ. ಅಷ್ಟೇ ದೊಡ್ಡ ಅನ್ಯಾಯವೂ ಇದೆ, ಅದನ್ನು ಮುಚ್ಚಿಟ್ಟು ಬರೆಯುವುದು ಸರಿಯಲ್ಲ. ಊರಿಗೆಲ್ಲ ಸಮನಾಗಿ ನೀರು ಹಂಚಲೆಂದು ಒಂದು ಮನೆಯವರು ತಲೆಮಾರುಗಟ್ಟಲೆ ಬೇರೆಯವರ ಬದುವಿನ ಮೇಲೆಯೇ ನಡೆದರು, ಬದುವಿನ ಕೆಳಗೆ ಇಳಿಯಲಿಲ್ಲ.

ಮಾಯಮ್ಮ ಹುಟ್ಟಿದ್ದು ಶ್ರವಣಬೆಳಗೊಳದ ಕಡೆಯ ಒಂದು ಒಣ ಊರಿನಲ್ಲಿ. ಮದುವೆಯಾಗಿ ಬಂದ ಹೊಸತರಲ್ಲಿ ಇಷ್ಟು ನೀರು ಒಟ್ಟಿಗೇ ನಿಂತದ್ದನ್ನು ನೋಡಿ ಹೆದರಿ, ಏರಿಯ ಮೇಲೆ ನಡೆಯಲು ಗಂಡನ ಅಂಗಿ ಹಿಡಿದುಕೊಳ್ಳುತ್ತಿದ್ದರಂತೆ. ಗಂಡ ಬೈರಯ್ಯ ಆಗ ನೀರುಗಂಟಿ. ಒಂದು ಮಳೆಗಾಲದಲ್ಲಿ ಪಾಚಿ ಹಿಡಿದ ಚಪ್ಪಡಿಯ ಮೇಲೆ ಜಾರಿ ಬಿದ್ದು ಮಂಡಿ ಮುರಿಯಿತು. ಹಾಸನದ ಆಸ್ಪತ್ರೆಯಿಂದ ಕೋಲು ಹಿಡಿದು ವಾಪಸು ಬಂದಾಗ ಭತ್ತ ಹೊಡೆ ಕಟ್ಟುವ, ನೀರು ತಪ್ಪಬಾರದ ಹೊತ್ತು. ತೂಬು ಎತ್ತುವವರಿಲ್ಲ. ಹೆಂಗಸು ತೂಬು ಮುಟ್ಟಬಾರದೆಂದು ಊರಿನ ಹಿರಿಯರು ಕಟ್ಟೆಯ ಮೇಲೆ ಕೂತು ಮಾತಾಡುತ್ತಲೇ ಇದ್ದರು. ಚಿಕ್ಕಯ್ಯನ ಗದ್ದೆ ಬಿರುಕು ಬಿಡುತ್ತಿತ್ತು.

“ಅವ್ರು ಮಾತಾಡ್ಲಿ, ನೀನು ಎತ್ತು ತಾಯಿ ಅಂದೆ,” ಎಂದು ಚಿಕ್ಕಯ್ಯ ಈಗಲೂ ನಗುತ್ತಾನೆ. “ಎತ್ತೇಬುಟ್ಲು. ನೀರು ಬಂತು. ಎಂಗ್ಸು ಎತ್ತವ್ಳೆ ಅಂತ ಅದೇನು ಇಂದಕ್ಕೆ ಓಗ್ಲಿಲ್ಲ.”

ಅಂದಿನಿಂದ ತೂಬು ಮಾಯಮ್ಮನದು. ಕೆಸರಿನಲ್ಲಿ ನಿಂತು ನಿಂತು ಕಾಲಿನ ಬೆರಳ ಸಂದುಗಳು ಬೆಳ್ಳಗೆ ಕೊಳೆತಿವೆ, ರಾತ್ರಿ ಹರಳೆಣ್ಣೆ ಹಚ್ಚುತ್ತಾರೆ. ಹಾವು ಕಂಡರೆ “ಸರ್ಕ ತಾಯಿ” ಅನ್ನುತ್ತಾರೆ. ತಲೆಗದ್ದೆಯವರ ಬೈಗುಳ ಕೇಳಿದರೆ ಅದನ್ನೂ ಅನ್ನುವುದಿಲ್ಲ, ಕಿವಿಗೆ ಮಫ್ಲರು ಎಳೆದುಕೊಳ್ಳುತ್ತಾರೆ.

ತಲೆಗದ್ದೆ ಯಾರದೆಂದು ಕೇಳಬೇಕಿಲ್ಲ. ಊರಿನ ದೊಡ್ಡಮನೆಯವರದು. ಆ ಮನೆಯ ಹಿರಿಯಾಕೆ ದೊಡ್ಡಮ್ಮ. ಮಗ ರವೀಂದ್ರ, ಜಿಲ್ಲಾ ಪಂಚಾಯ್ತಿಯ ಮಾಜಿ ಸದಸ್ಯ. ಅಧಿಕಾರ ಹೋದರೂ ಕಾರಿನ ಮೇಲಿನ ಬಾವುಟ ಹೋಗಿಲ್ಲ.

ಎರಡು ವರ್ಷದ ಹಿಂದೆ ರವೀಂದ್ರನಿಗೆ ಕೆರೆಯ ಮೇಲೆ ಪ್ರೀತಿ ಹುಟ್ಟಿತು. ತನ್ನ ಟ್ರಸ್ಟಿಗೆ ಕೆರೆಯನ್ನು ದತ್ತು ಕೊಡಿ, ಮೂವತ್ತು ವರ್ಷ ನಾನೇ ನೋಡಿಕೊಳ್ಳುತ್ತೇನೆ ಎಂದ. ಸುತ್ತ ತಂತಿಬೇಲಿ, ಏರಿಯ ಮೇಲೆ ವಾಕಿಂಗ್ ಪಾತ್, ನೀರಿನಲ್ಲಿ ಬೋಟು, ಹಳೇ ಗೂಟದ ಜಾಗದಲ್ಲಿ ಸ್ವಿಚ್ಚು ಒತ್ತಿದರೆ ಏಳುವ ಕಬ್ಬಿಣದ ಗೇಟು. ಆ ಸ್ವಿಚ್ಚು ತನ್ನ ಹಿಂಬಾಲಕ ಮಂಜೇಶನ ಕೈಯಲ್ಲಿ. ಜೊತೆಗೆ ತೂಬಿನಿಂದ ಒಂದು ಪೈಪು. ಅದು ಎಲ್ಲಿಗೆ ಹೋಗುತ್ತದೆಂದು ನಕ್ಷೆಯಲ್ಲಿ ಸಣ್ಣದಾಗಿತ್ತು, ಊರಿನ ಬಾಯಿಗೆ ದೊಡ್ಡದಾಗಿ ಬಂತು. ಕೆರೆಯ ಮೇಲುಗಡೆ ದಿಣ್ಣೆಯಲ್ಲಿ ದೊಡ್ಡಮನೆಯವರ ಒಣಜಮೀನಿದೆ. ಅಲ್ಲಿ ವಿಲ್ಲಾಗಳ ಲೇಔಟು, ಒಂದು ಕಲ್ಯಾಣಮಂಟಪ. ಪೈಪು ಹೋಗುವುದು ಅಲ್ಲಿಗೆ.

ಇದು ಬಿಳಿಗಲ್ಲಕೊಪ್ಪಲಿನ ಒಂದೇ ಕತೆಯಲ್ಲ. ಊರಿನ ಗೋಮಾಳ ಯಾರದೋ ಶುಂಠಿ ಹೊಲವಾಗುತ್ತದೆ. ಗುಂಡುತೋಪು ಯಾರದೋ ಕಾಂಪೌಂಡಿನೊಳಗೆ ಸೇರುತ್ತದೆ. ಎಲ್ಲರದೂ ಆಗಿದ್ದದ್ದು ಒಬ್ಬರದಾಗುವಾಗ ಯಾರೂ ಅದನ್ನು ಕಳ್ಳತನ ಅನ್ನುವುದಿಲ್ಲ, ಅಭಿವೃದ್ಧಿ ಅನ್ನುತ್ತಾರೆ. ರಿಬ್ಬನ್ ಕತ್ತರಿಸುತ್ತಾರೆ, ನಾವು ಹೋಗಿ ಚಪ್ಪಾಳೆ ತಟ್ಟಿ ಲಾಡು ತಿಂದು ಬರುತ್ತೇವೆ.

“ತಾಯಿಲ್ಲದ ಕೂಸ್ನ ದತ್ತು ತಗೋತಾರೆ. ಈ ಕೆರೆಗೆ ಊರೇ ಐತಲ್ಲ,” ಎಂದು ಮಾಯಮ್ಮ ಆಗಲೇ ಅಂದಿದ್ದರು. ಕೆರೆ ಬಳಕೆದಾರರ ಸಂಘದ ಸಭೆಯಲ್ಲಿ ಜನ ಅರ್ಧಂಬರ್ಧ ಒಪ್ಪಿದರು. ದೊಡ್ಡಮನೆಗೆ ಎದುರಾಡುವ ಎದೆ ಎಲ್ಲರಿಗೂ ಇಲ್ಲ. ಆದರೆ ಒಂದು ಮಾತಿಗೆ ಗಟ್ಟಿಯಾಗಿ ನಿಂತರು. ಬೇಲಿ ಬೋಟು ಆಮೇಲಿನ ಮಾತು, ಮಾಯಮ್ಮ ನೀರುಗಂಟಿಯಾಗಿರುವ ತನಕ ತೂಬು ಅವಳ ಕೈಯಲ್ಲೇ. ತೂಬು ಸಿಗದೆ ಪೈಪಿಲ್ಲ. ಪೈಪಿಲ್ಲದೆ ರವೀಂದ್ರನಿಗೆ ಕೆರೆ ಯಾತಕ್ಕೆ?

ಹೋದ ವರ್ಷ ಶ್ರಾವಣದಲ್ಲಿ ಕೆರೆ ತುಂಬಿ ಕೋಡಿ ಬಿತ್ತು. ಕೋಡಿ ಬಿದ್ದರೆ ಕೆರೆಗೆ ಬಾಗಿನ ಬಿಡಬೇಕು. ದೊಡ್ಡವರೆಲ್ಲ ಬರುತ್ತಾರೆಂದು ಶಾಮಿಯಾನ ಎದ್ದಿತು. ‘ಆಧುನಿಕ ಭಗೀರಥ’ ಎಂದು ರವೀಂದ್ರ ಕೈಮುಗಿದು ನಿಂತ ಫ್ಲೆಕ್ಸು ಎದ್ದಿತು. ಅದರ ಮೂಲೆಯಲ್ಲಿ, ಇದೇ ಮೊದಲ ಸಲ, ಮಾಯಮ್ಮನ ಫೋಟೋ.

ಹಿಂದಿನ ದಿನ ಮಂಜೇಶ ಬೈರಯ್ಯನ ಜಗಲಿಗೆ ಬಂದಿದ್ದ. “ಬೈರಣ್ಣ, ನಾಳೆ ಒಸಾ ಪಂಚೆ ಉಟ್ಕಂಡು ಬಾ. ಅಣ್ಣ ನಿಮ್ಗೆ ಅರ್ಧ ಎಕ್ರೆ ಗದ್ದೆ ಕೊಡ್ತಾವ್ರೆ. ತೂಬಿನ ಬುಡ್ದಲ್ಲೇ. ದಾನಪತ್ರ ಮಾಡ್ಸಿ ಕೊಡ್ತಾರೆ.”

ಬೈರಯ್ಯನಿಗೆ ಕೋಲು ಬಿಟ್ಟು ಎದ್ದು ನಿಲ್ಲುವಷ್ಟು ಸಂತೋಷ. ಮಾಯಮ್ಮನಿಗೆ ಮಾತ್ರ ಕಟ್ಟಲೆ ನೆನಪಾಯಿತು. ಗದ್ದೆ ತಗೊಂಡರೆ ಅದೇ ದಿನ ತೂಬಿನಿಂದ ಕೈ ಎತ್ತಬೇಕು. ಹೆದರಿಸಿ ಕಿತ್ತುಕೊಳ್ಳಲಾಗದ್ದನ್ನು ಕೊಟ್ಟು ಕಿತ್ತುಕೊಳ್ಳುವ ದಾರಿ ಇದು.

“ಅದು ಗದ್ದೆಯಲ್ಲ, ಗಾಳ ಕಣ,” ಎಂದರು ಗಂಡನಿಗೆ.

ಬೈರಯ್ಯ ಕೆರಳಿದ. “ಗಾಳನೋ ಗೂಳಿನೋ. ನಮ್ಮಪ್ಪ ಅವ್ರ ಬದ ಸವುಸ್ದ. ನಾನು ಸವುಸ್ದೆ, ಮಂಡಿ ಓಯ್ತು. ಈಗ ನೀನು. ನಮ್ದು ಅಂತ ಒಂದ್ ಇಡಿ ಮಣ್ಣು ಬ್ಯಾಡ್ವಾ? ಊರ್ಗೆಲ್ಲ ನ್ಯಾಯ ಅಂಚ್ತೀಯಲ್ಲ, ನಿನ್ ಗಂಡನ್ಗೆ ಯಾವಾಗ ಅಂಚ್ತೀಯೆ?”

ಗಂಡ ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಬೆಳಿಗ್ಗೆ ಬೈರಯ್ಯ ಹೊಸ ಪಂಚೆ ಉಟ್ಟ, ಆದರೆ ಹೆಂಡತಿ ಇಟ್ಟ ಮುದ್ದೆ ಮುಟ್ಟಲಿಲ್ಲ. ಇಬ್ಬರೂ ಏರಿಯ ಕಡೆ ನಡೆದರು. ಒಪ್ಪಿದರೆ ಕಡೆಗದ್ದೆ ಒಣಗುತ್ತದೆ, ಒಲ್ಲೆ ಎಂದರೆ ಮನೆಯೊಳಗಿನ ಮನುಷ್ಯ ಒಣಗುತ್ತಾನೆ. ಏನು ಹೇಳುವುದೆಂದು ಗೊತ್ತಿಲ್ಲದೆಯೇ ಅವರು ಶಾಮಿಯಾನದೊಳಗೆ ಕಾಲಿಟ್ಟರು.

ಕೋಡಿಯ ಹತ್ತಿರ ಜನವೋ ಜನ. ಮುಂದಿನ ಸಾಲಿನಲ್ಲಿ ಅತಿಥಿಗಳು. ಒಂದು ಬದಿಗೆ ಮರದ ಕುರ್ಚಿಯ ಮೇಲೆ ದೊಡ್ಡಮ್ಮ. ರವೀಂದ್ರ ಬಾಗಿನದ ಮೊರವನ್ನು ಒಂದು ಕೈಯಲ್ಲಿ ಎದೆಗವಚಿಕೊಂಡು, ಇನ್ನೊಂದು ಕೈಯಲ್ಲಿ ಮೈಕು ಹಿಡಿದ. ಮಾಯಮ್ಮನನ್ನು ವೇದಿಕೆಗೆ ಕರೆಸಿ ಮಂಜೇಶನ ಕೈಯಿಂದ ಶಾಲು ಹೊದೆಸಿದ. ಅವಳ ಸೇವೆ, ಅವಳ ತ್ಯಾಗ, ಎಲ್ಲ ಹೇಳಿದ. ಅಷ್ಟಕ್ಕೆ ನಿಲ್ಲಿಸಿ ‘ಇಂಥಾ ಗದ್ದೆ’ ಎಂದು ಸರ್ವೆ ನಂಬರು ಓದಿದ್ದರೆ ಅವನ ಕೆಲಸ ಆಗಿಹೋಗುತ್ತಿತ್ತು. ಆದರೆ ಎದುರಿಗೆ ಅಷ್ಟು ಜನ, ಪಕ್ಕದಲ್ಲಿ ಅಷ್ಟು ಕ್ಯಾಮೆರಾ.

“ಅಮ್ಮಾ, ಈ ಕೆರೆಯ ಸುತ್ತ ನಮ್ಮ ಮನೆತನದ ಜಮೀನಿದೆ,” ಎಂದ. “ನಾನು ಇಂಥದ್ದೇ ಅಂತ ಹೇಳುವುದಿಲ್ಲ. ನೀವು ಬೆಟ್ಟು ಮಾಡಿ ತೋರಿಸಿ. ನಿಮ್ಮ ಬೆಟ್ಟು ಎಲ್ಲಿ ನಿಲ್ಲುತ್ತೋ ಅಲ್ಲಿ ಅರ್ಧ ಎಕರೆ ನಿಮ್ಮದು!”

ಶಾಮಿಯಾನ ಕಿತ್ತುಹೋಗುವಂತೆ ಚಪ್ಪಾಳೆ. ಗದ್ದೆಯಿಲ್ಲದವಳು ಗದ್ದೆಯನ್ನಲ್ಲದೆ ಇನ್ನೇನು ತೋರಿಸಿಯಾಳು ಎಂಬ ಧೈರ್ಯ ಅವನಿಗೆ. ಎಲ್ಲರ ಕತ್ತೂ ಆಗಲೇ ಏರಿಯ ಕೆಳಗಿನ ಹಸುರಿನ ಕಡೆ ತಿರುಗಿತ್ತು.

ಮಾಯಮ್ಮ ಬೆಟ್ಟು ಎತ್ತಿದರು. ಅದು ಏರಿಯ ಕೆಳಕ್ಕೆ ಹೋಗಲಿಲ್ಲ. ನೀರಿನ ಮೇಲೆ ಹಾದು, ಕೆರೆಯ ಮೇಲುಗಡೆಯ ದಿಣ್ಣೆಯ ಮೇಲೆ ನಿಂತಿತು. ಕೆಂಪು ಮಣ್ಣಿನ, ಕೆರೆಯ ಒಂದು ಹನಿಯೂ ತಾನಾಗಿ ಏರದ ಒಣ ಜಾಗ. ಊರಿನ ದನಕರು ನೀರಿಗಿಳಿಯುವ ದಾರಿ ಅದರ ನಡುವೆಯೇ ಹಾಯುತ್ತದೆ. ಲೇಔಟಿನ ಬೇಲಿಗೆಂದು ಕಲ್ಲುಕಂಬ ತಂದು ರಾಶಿ ಹಾಕಿದ್ದೂ ಅಲ್ಲಿಯೇ. ಪೈಪು ಬಂದು ಮುಟ್ಟಬೇಕಾದದ್ದೂ ಅಲ್ಲಿಗೇ.

“ಅದು ಕೊಡಣ್ಣ,” ಎಂದರು. “ಆ ಕಲ್ ಕಂಬ ಆಕಿದ್ದೀಯಲ್ಲ, ಅದೇ ಜಾಗ.”

ಚಪ್ಪಾಳೆ ನಿಂತಿತು. ರವೀಂದ್ರ ನಗಲು ನೋಡಿದ. “ಅದು ಖುಷ್ಕಿ ಕಣಮ್ಮ, ಬರಡು. ಏನೂ ಬೆಳೆಯಲ್ಲ. ನೀವು ಗದ್ದೆ...”

“ರಾಗಿ ಬೆಳೀತದೆ. ಗದ್ದೆ ತಗಂಡ್ರೆ ತೂಬು ಬುಡ್ಬೇಕಾಯ್ತದೆ. ದಿಣ್ಣೆಗಾದ್ರೆ ಕೆರೆ ನೀರು ಅತ್ತಾಕಿಲ್ಲ, ತೂಬು ನನ್ ಕೈಯಾಗೇ ಇರ್ತದೆ. ನಿಂಗೂ ಕೊಟ್ಟ ಪುಣ್ಯ, ನಂಗೂ ಮಣ್ಣು.”

ಹಿಂದಿನಿಂದ ಚಿಕ್ಕಯ್ಯನ ನಗು ಕೇಳಿತು, ಆಮೇಲೆ ಊರಿನ ನಗು. ರವೀಂದ್ರ ಮೈಕು ಕೆಳಗಿಟ್ಟು, ಅದು ಲೇಔಟಿಗೆ ಸೇರಿದ್ದು, ಆಮೇಲೆ ಕೂತು ಮಾತಾಡೋಣ ಎಂದೇನೋ ಗೊಣಗಿದ. ಆಗ ದೊಡ್ಡಮ್ಮ ಬಾಯಿಬಿಟ್ಟರು. ಆಕೆ ಮಾಯಮ್ಮನ ಪರವಲ್ಲ. ತಮ್ಮ ಗದ್ದೆಗೆ ಕೊನೆಗೆ ನೀರು ಬಿಡುತ್ತಾಳೆಂದು ಎಷ್ಟೋ ಸಲ ಬಾಯಿಗೆ ಬಂದಂತೆ ಬೈದವರು. ಆದರೆ ಆ ತಲೆಮಾರಿಗೆ ಕೆರೆಯ ಭಯವಿತ್ತು.

“ಲೇ ರವೀಂದ್ರ, ಕೈಯಾಗೇನ್ಲಾ ಅದು?”

“ಬಾಗಿನದ ಮೊರ ಕಣವ್ವ.”

“ತುಂಬಿದ ಕೆರೆ ಮುಂದೆ ಬಾಗಿನದ ಮೊರ ಇಡ್ಕಂಡು ಮಾತು ಕೊಟ್ಟಿದ್ದೀಯ. ಮಾತು ಬುಟ್ಟು ಮೊರ ಬುಟ್ರೆ ಗಂಗಮ್ಮ ತಗಳಲ್ಲ ಕಣ್ಲಾ. ಮನೆ ಉಳಿಯಾಕಿಲ್ಲ. ಮೊದ್ಲು ಊ ಅನ್ನು, ಆಮೇಲೆ ಬಾಗಿನ ಬುಡು.”

ರವೀಂದ್ರ ‘ಹೂ’ ಎಂದ. ಮೊರ ನೀರಿನಲ್ಲಿ ತೇಲಿತು. ಬಾಯಿಮಾತು ಕಾಗದಕ್ಕೆ ಇಳಿಯಲು ದಸರಾ ಕಳೆಯಬೇಕಾಯಿತು. ಅಲ್ಲಿಯ ತನಕ ದೊಡ್ಡಮ್ಮ ಮಗನಿಗೆ ದಿನಾ ಊಟಕ್ಕೆ ಬಡಿಸುತ್ತಾ ಅದನ್ನೇ ಕೇಳಿದರೆಂದು ಊರಿನವರು ಹೇಳುತ್ತಾರೆ. ಅರಕಲಗೂಡಿನ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬೈರಯ್ಯ ಅದೇ ಹೊಸ ಪಂಚೆ ಉಟ್ಟು ಹೋಗಿ ಬಂದ.

ಕೆರೆ ಉಳಿಯಿತು ಎಂದು ಬರೆದು ಮುಗಿಸಿದರೆ ಓದುವವರಿಗೆ ಹಿತವಾದೀತು, ಆದರೆ ಅದು ಅರ್ಧ ಸುಳ್ಳು. ಈ ಸಲ ಉಳಿಯಿತು, ಅಷ್ಟೆ. ದತ್ತಿನ ಅರ್ಜಿ ಯಾವುದೋ ಕಚೇರಿಯ ಮೇಜಿನ ಮೇಲೆ ಇನ್ನೂ ಉಸಿರಾಡುತ್ತಿದೆ. ಲೇಔಟಿನ ಬೋರ್ಡು ಬಿದ್ದಿಲ್ಲ, ಸ್ವಲ್ಪ ವಾಲಿದೆ. ಮಂಜೇಶ ಎದುರಿಗೆ ಸಿಕ್ಕರೆ ಮುಖ ತಿರುಗಿಸುತ್ತಾನೆ. “ಕುತ್ಗೆ ನೋವಿರ್ಬೇಕು, ಎಣ್ಣೆ ಅಚ್ಕೊಳಪ್ಪ” ಎನ್ನುತ್ತಾರೆ ಮಾಯಮ್ಮ.

ದಿಣ್ಣೆಯ ಮೇಲೆ ಈಗ ರಾಗಿ ತೆನೆ ಒಡೆದಿದೆ, ನಡುನಡುವಿನ ಅಕ್ಕಡಿ ಸಾಲಿನಲ್ಲಿ ಅವರೆ ಹಬ್ಬಿದೆ. ಅರ್ಧ ಎಕರೆಯಲ್ಲಿ ನಡುವಿನ ಅಷ್ಟಗಲ ನೆಲವನ್ನು ಉತ್ತಿಲ್ಲ. ಅದು ದನಗಳ ದಾರಿ. ಬೆಳಿಗ್ಗೆ ಸಂಜೆ ಊರಿನ ಎಮ್ಮೆ ಹಸುಗಳೆಲ್ಲ ಅದರ ಮೇಲೆಯೇ ಕೆರೆಗಿಳಿಯುತ್ತವೆ. ಹೋಗುವಾಗ ಒಂದೊಂದು ಬಾಯಿ ರಾಗಿಯನ್ನೂ ಎಳೆಯುತ್ತವೆ. ಬೈರಯ್ಯ ಬದುವಿನ ಮೇಲೆ ಕೂತು ಕೋಲು ಬೀಸಿ ಬೈಯುತ್ತಾನೆ, ಬೇಲಿ ಮಾತ್ರ ಹಾಕುವುದಿಲ್ಲ.

“ನಮ್ ಒಲ ಮೇಯ್ತಾವೆ ಅಂತ ಬಯ್ಯಾದ್ರಲ್ಲೂ ಒಂದ್ ಸುಖ ಐತೆ ಸಾ,” ಎನ್ನುತ್ತಾನೆ. “ಇಷ್ಟ್ ದಿನ ನಂಗೆ ಬಯ್ಯಾಕೆ ಒಲನೇ ಇರ್ಲಿಲ್ವಲ್ಲ.”

ಹೆಂಡತಿಯ ಮೇಲಿನ ಸಿಟ್ಟು?

“ಅದು ಅವತ್ತು ಬೆಟ್ಟು ತೋರುಸ್ದಾಗ್ಲೇ ಇಳೀತು. ಆದ್ರೆ ಅವ್ಳಿಗೆ ಏಳಿಲ್ಲ. ಏಳುದ್ರೆ ಕೊಂಬು ಬತ್ತದೆ.”

“ಬರ್ಲಿ ಬುಡು, ಆ ಕೊಂಬಲ್ಲಿ ನಿನ್ ಒಲಾನೂ ಉತ್ಕೊಡ್ತೀನಿ,” ಎಂದು ಮಾಯಮ್ಮ ಸನಿಕೆ ತೊಳೆಯುತ್ತಾ ಅಲ್ಲಿಂದಲೇ ಕೂಗುತ್ತಾರೆ.

ಈ ವಾರ ಆ ಹೊಲಕ್ಕೆ ನೀರು ಬೇಕು. ಸ್ವಾತಿ ಮಳೆ ತಡಮಾಡಿದೆ, ರಾಗಿಯ ಗರಿ ಮಧ್ಯಾಹ್ನಕ್ಕೆ ಸುರುಟುತ್ತಿದೆ. ಕಣ್ಣೆದುರಿಗೇ ಕೆರೆ ಅಂಚುಮಟ್ಟ ನಿಂತಿದೆ. ಇಡೀ ಕೆರೆಯ ನೀರು ಹಂಚುವ ಕೈಯವರ ಹೊಲ ನೀರಿಲ್ಲದೆ ಬಾಡುವುದನ್ನು ನೋಡಿ ಚಿಕ್ಕಯ್ಯನಿಗೇ ತಡೆಯಲಾಗಲಿಲ್ಲ. ತನ್ನ ಮೋಟಾರು, ಪೈಪು ತಂದು ದಿಣ್ಣೆಗೆ ಹಾಕಿಕೊಡುತ್ತೇನೆ, ಒಂದು ಗಳಿಗೆ ಓಡಿಸಿದರೆ ಸಾಕು, ಊರಿನಲ್ಲಿ ಒಬ್ಬರೂ ಬೇಡ ಅನ್ನುವುದಿಲ್ಲ ಎಂದ. ನಿಜ, ಯಾರೂ ಅನ್ನುತ್ತಿರಲಿಲ್ಲ.

ಮಾಯಮ್ಮ ಅಂದರು. “ಬ್ಯಾಡ ಕಣ್ ಚಿಕ್ಕಯ್ಯಣ್ಣ. ನಾನು ಒಂದ್ ಪೈಪು ಆಕುದ್ರೆ ದೊಡ್ಮನೆಯೋನು ನಾಳೀಕೆ ಅತ್ತು ಪೈಪು ಆಕ್ತಾನೆ. ಆಮೇಲೆ ನಾನು ಯಾವ್ ಬಾಯಲ್ಲಿ ಕೇಳಾದು?”

ಮಂಜು ಕರಗುತ್ತಿದೆ. ನೀರು ಕಾಲುವೆಯ ತುದಿ ಮುಟ್ಟಿರಬೇಕು. ಅಚ್ಚುಕಟ್ಟಿನ ಬಾಲದಿಂದ ಚಿಕ್ಕಯ್ಯನ ಕೂಗು ಉದ್ದಕ್ಕೆ ಎದ್ದು ಬರುತ್ತದೆ. ಮಾಯಮ್ಮ ಅದಕ್ಕೊಂದು ಮರುಕೂಗು ಹಾಕಿ, ಬದುವಿನ ಮೇಲೆ ಕುಕ್ಕರಿಸಿ, ರೊಟ್ಟಿಗಂಟು ಬಿಚ್ಚುತ್ತಾರೆ. ಇನ್ನೇನಾದರೂ ಆಸೆ ಇದೆಯೇ ಎಂದರೆ ತಲೆಯೆತ್ತಿ ಆಕಾಶ ನೋಡುತ್ತಾರೆ. ಪಡುವಣದಲ್ಲಿ ಒಂದಿಷ್ಟು ಮೋಡ ಕಪ್ಪಗಾಗಿದೆ.

“ಒಂದು ಅದವಾದ ಮಳೆ ಬಂದ್ರೆ ಸಾಕು ಸಾ. ಬತ್ತದೆ ಬುಡಿ. ಅದ್ಕೆ ಇನ್ನೂ ಯಾರೂ ಬೇಲಿ ಆಕಿಲ್ವಲ್ಲ.”